ಕೋವಿಗೆ ‘ಮಿಲಿಟರಿ ಸರ್ವಿಸ್’ ಮಾಡಿಸುವ ಮುನ್ನ

ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದು ಕೋವಿ ಇಟ್ಟುಕೊಂಡಿರುವ ಕೃಷಿಕರು, ಅದನ್ನು ಶುಚಿಗೊಳಿಸಿ ಎಣ್ಣೆ ಹಾಕಿಸುವ ಕೆಲಸವನ್ನು ಲೇತ್ ಅಂಗಡಿಗಳಿಗೆ ಒಪ್ಪಿಸಬಾರದೆಂದು ಕೇಳಿಕೊಳ್ಳಲು ಇದನ್ನು ಬರೆಯುತ್ತಿದ್ದೇನೆ. ಕಾರ್ಕಳದ ಸಮೀಪ ಅಡಿಕೆ ತೋಟವಿರುವ ನನ್ನ ಭಾವನವರ ಜೋಡುನಳಿಗೆಯ ತೋಟೆ ಕೋವಿಗೆ ಆದದ್ದನ್ನು ವಿವರವಾಗಿಯೇ ಹೇಳುತ್ತೇನೆ.

2024ರ ಲೋಕಸಭಾ ಚುನಾವಣೆಯ ಸಮಯದಲ್ಲಿ ಎಲ್ಲರಂತೆ ಭಾವನವರೂ ಕೋವಿಯನ್ನು ಠಾಣೆಯಲ್ಲಿ ಠೇವಣಿ ಇಟ್ಟಿದ್ದರು. ಮತ ಎಣಿಕೆ ಜೂನ್ 4ರಂದು ನಡೆದುದರಿಂದ ಕೋವಿ ಕೈಗೆ ಬರುವಷ್ಟರಲ್ಲಿ ಮಳೆಗಾಲ ಹಿಡಿದಿತ್ತು. ನಳಿಗೆಯ ಮೇಲೆ ಅಲ್ಲಲ್ಲಿ ತುಕ್ಕಿನ ಚುಕ್ಕೆಗಳೂ ಎದ್ದಿದ್ದವು. ಇದಕ್ಕೆ ಠಾಣೆಯವರನ್ನು ದೂರುವಂತಿಲ್ಲ, ಅಷ್ಟೊಂದು ಕೋವಿಗಳನ್ನು ಒರಸಿಡುವುದು ಅವರ ಕೆಲಸವಲ್ಲ. ಹತ್ತಿರದ ಪೇಟೆಯ ಲೇತ್ ಅಂಗಡಿಯವನೊಬ್ಬ, ಸೈನ್ಯದ ಆಟೋಮ್ಯಾಟಿಕ್ ರೈಫಲುಗಳಿಗೆ ಮಾಡುವಂಥ ಸರ್ವಿಸ್ ಮಾಡಿಕೊಡುತ್ತೇನೆಂದು ಹೇಳಿ ಕೋವಿಯನ್ನು ಇರಿಸಿಕೊಂಡ. ಮರಳಿ ಬಂದಾಗ ಅದು ಥಳಥಳಿಸುತ್ತಿತ್ತು, ಕೈಯಿಟ್ಟಲ್ಲೆಲ್ಲ ಎಣ್ಣೆ ಹತ್ತುತ್ತಿತ್ತು. ಮನೆಯವರೆಲ್ಲ ಮೆಚ್ಚಿಕೊಂಡರು.

ನಾನು ಸೇನೆಯಲ್ಲಿದ್ದಾಗ ಬಳಸಿದ್ದು 7.62 ಮಿಲಿಮೀಟರಿನ ಎಸ್‌ಎಲ್‌ಆರ್, ಅಂದರೆ ಒಂದು ಗುಂಡು ಹಾರಿದೊಡನೆ ಮುಂದಿನದನ್ನು ತಾನೇ ತುಂಬಿಕೊಳ್ಳುವ ಸೆಮಿ ಆಟೋಮ್ಯಾಟಿಕ್ ರೈಫಲು. ಅದಕ್ಕೂ ಎಣ್ಣೆ ಸುರಿಯುವ ಪದ್ಧತಿ ಇರಲಿಲ್ಲ. ನಳಿಗೆಯಿಂದ ಕವಲೊಡೆದು ಬರುವ ಬಿಸಿ ಗ್ಯಾಸು ಪಿಸ್ಟನ್ನನ್ನು ಹಿಂದಕ್ಕೆ ತಳ್ಳುವುದರಿಂದಲೇ ಆ ರೈಫಲು ಕೆಲಸ ಮಾಡುತ್ತದೆ. ಆ ಪಿಸ್ಟನ್ನಿಗೆ ಎಣ್ಣೆ ಹಚ್ಚಿದರೆ ಅದು ಸುಟ್ಟು ಗಟ್ಟಿ ಮಸಿಯಾಗಿ ಕೂರುತ್ತದೆಂಬ ಕಾರಣಕ್ಕೆ ಅದನ್ನು ಒಣಗಿಸಿಯೇ ಇಡಬೇಕಿತ್ತು. ಲೋಹಕ್ಕೆ ಲೋಹ ಉಜ್ಜುವ ಜಾರುಭಾಗಗಳಿಗೆ ಮಾತ್ರ ತೆಳುವಾದ ಎಣ್ಣೆ. ಗುಂಡು ಹಾರಿಸುವ ಮುನ್ನ ಪುಲ್‌ಥ್ರೂ ಹಗ್ಗಕ್ಕೆ ಒಣಬಟ್ಟೆ ಸಿಕ್ಕಿಸಿ ನಳಿಗೆಯನ್ನು ಒರಸುವುದು ಕಡ್ಡಾಯ. ಸೆಮಿ ಆಟೋಮ್ಯಾಟಿಕ್ ಬಂದೂಕುಗಳಲ್ಲಿ ಗ್ರೀಸು ಮೆತ್ತಿಕೊಂಡು, ಗುಂಡಿನ ಬುಡಕ್ಕೆ ಬಡಿಯುವ ಫೈರಿಂಗ್ ಪಿನ್ ಮುಂದೆಯೇ ಸಿಕ್ಕಿಬಿದ್ದರೆ, ಗುಂಡನ್ನು ನಳಿಗೆಗೆ ತಳ್ಳುವ ಬೋಲ್ಟ್ ಮುಂದಕ್ಕೆ ಬಡಿದಾಗ ಟ್ರಿಗರ್ ಮುಟ್ಟದೆಯೇ ಗುಂಡು ಹಾರುವ ಅಪಾಯವೂ ಇದೆ. ಆದುದರಿಂದ ಅಂಗಡಿಯವನು ಹೇಳಿದ ‘ಮಿಲಿಟರಿ ಸರ್ವಿಸ್’ ಯಾವ ಮಿಲಿಟರಿಯದ್ದೋ ನನಗೆ ತಿಳಿಯದು.

ಭಾವನವರ ಕೋವಿಯಲ್ಲಿ ತಾನಾಗಿ ಹಿಂದೆ ಮುಂದೆ ಸರಿಯುವ ಭಾಗಗಳೇ ಇಲ್ಲ. ಕೋವಿ ಮಡಚುವ ಕೀಲಿಗೂ ನಳಿಗೆಗಳನ್ನು ಹಿಡಿದಿಡುವ ಕೊಂಡಿಗೂ ಬೆರಳ ತುದಿಯಷ್ಟು ಗ್ರೀಸು ಸಾಕಾಗುತ್ತಿತ್ತು. ಅಂಗಡಿಯವನು ಮೊದಲು ಎಮರಿ ಕಾಗದದಿಂದ ತುಕ್ಕನ್ನು ಉಜ್ಜಿ, ಅದರೊಂದಿಗೆ ನಳಿಗೆಯ ಕಪ್ಪುನೀಲಿ ಲೇಪವನ್ನೂ ಎಬ್ಬಿಸಿಬಿಟ್ಟಿದ್ದ. ಆ ಲೇಪ ಹೋದ ಉಕ್ಕು ನಮ್ಮ ಮಳೆಗಾಲದ ತೇವಕ್ಕೆ ಎಷ್ಟು ಬೇಗ ಮತ್ತೆ ಕೆಂಪಾಗುತ್ತದೆಂಬುದನ್ನು ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಬಳಿಕ ವಾಹನಗಳ ಗೇರಿಗೆ ಹಾಕುವಂಥ ದಪ್ಪ ಎಣ್ಣೆಯನ್ನು ಎಲ್ಲೆಡೆ ಹೊಯ್ದಿದ್ದ. ಕಪಾಟಿನ ಮೂಲೆಯಲ್ಲಿ ನಳಿಗೆ ಮೇಲಾಗಿ ನಿಲ್ಲಿಸಿದ್ದ ಕೋವಿಯಿಂದ ಆ ಎಣ್ಣೆ ದಿನದಿನವೂ ಕೆಳಗಿಳಿದು, ತೋಟೆಗೆ ಬಡಿಯುವ ಪಿನ್ನುಗಳ ತೂತುಗಳಿಗೆ ತುಂಬಿಕೊಂಡು, ಅಲ್ಲಿಂದ ಮರದ ಹಿಡಿಯ ಬುಡಕ್ಕೂ ಇಂಗಿತು.

ಒಂದು ರಾತ್ರಿ ತೋಟಕ್ಕೆ ನುಗ್ಗಿದ ಕಾಡುಹಂದಿಗಳನ್ನು ಬೆದರಿಸಲು ಭಾವನವರು ಗುಡ್ಡದ ಕಡೆಗೆ ಬಲ ನಳಿಗೆಯ ಟ್ರಿಗರ್ ಎಳೆದಾಗ ‘ಟಕ್’ ಎಂಬ ಸದ್ದಷ್ಟೇ ಕೇಳಿತು. ಅವರು ನಳಿಗೆಯನ್ನು ಅತ್ತ ಕಡೆಗೇ ಹಿಡಿದು ಒಂದು ನಿಮಿಷಕ್ಕೂ ಹೆಚ್ಚು ಕಾದರು. ಇದು ಸರಿಯಾದ ಕ್ರಮ. ತೋಟೆಯ ಮದ್ದು ಕೆಲವೊಮ್ಮೆ ತಡವಾಗಿ ಹತ್ತಿಕೊಳ್ಳುವುದುಂಟು, ಗಡಿಬಿಡಿಯಲ್ಲಿ ಕೋವಿ ಮಡಚಿದವರ ಮುಖಕ್ಕೇ ಅದು ಸಿಡಿಯಬಹುದು. ತೆಗೆದು ನೋಡಿದರೆ, ಪಿನ್ನು ಬಡಿದಾಗ ಮದ್ದಿಗೆ ಕಿಡಿ ಹೊತ್ತಿಸುವ ತೋಟೆಯ ಬುಡದ ಕೇಪಿನ ಮೇಲೆ ಬಿದ್ದದ್ದು ಹಗುರವಾದ ಗುಳಿ ಮಾತ್ರ, ಏಕೆಂದರೆ ಪಿನ್ನಿನ ಹೊಡೆತವನ್ನು ತೂತಿನೊಳಗಿನ ಎಣ್ಣೆಯೇ ತಡೆದಿತ್ತು. ಎಡ ನಳಿಗೆಯನ್ನು ಹಾರಿಸುವ ಮನಸ್ಸು ಅವರಿಗೆ ಬರಲಿಲ್ಲ.

ಮರುದಿನ ನಾನು ಹೋಗಿ, ತೋಟೆಗಳಿಲ್ಲವೆಂದು ಖಚಿತಪಡಿಸಿಕೊಂಡು, ನಳಿಗೆಗಳನ್ನು ಕಳಚಿ ಬೆಳಕಿಗೆ ಹಿಡಿದೆ. ಬಲಗಡೆಯದರಲ್ಲಿ ಬೆಳಕು ಕಂಡಿತು. ಎಡಗಡೆಯದರಲ್ಲಿ ಕಾಣಲಿಲ್ಲ. ತುದಿಯಲ್ಲಿ ನಳಿಗೆ ತುಸು ಕಿರಿದಾಗುವ ಚೋಕ್ ಎಂಬ ಜಾಗದಲ್ಲಿ, ಗ್ರೀಸಿನಲ್ಲಿ ನೆನೆದ ಬಟ್ಟೆಯ ತುಂಡೊಂದು ಸಿಕ್ಕಿಕೊಂಡಿತ್ತು. ಒರಸುವಾಗ ಕೋಲಿನಿಂದ ಕಳಚಿಕೊಂಡದ್ದನ್ನು ಅಂಗಡಿಯವನು ಹೊರತೆಗೆಯಲೇ ಇಲ್ಲ. ನಳಿಗೆಯಲ್ಲಿ ಅಡ್ಡಿಯಿರುವಾಗ ಗುಂಡು ಹಾರಿಸಿದರೆ ಒತ್ತಡ ಒಮ್ಮೆಲೇ ಏರಿ, ಉಕ್ಕು ತೆಳುವಾಗಿರುವ ಆ ಭಾಗ ಉಬ್ಬುತ್ತದೆ, ಇಲ್ಲವೇ ಸೀಳುತ್ತದೆ. ಆ ರಾತ್ರಿ ಭಾವನವರ ಎಡಗಡೆ ಟಾರ್ಚು ಹಿಡಿದು ನಿಂತಿದ್ದವನು ಅವರ ಮಗ.

ಆದುದರಿಂದ ಯಾರ ಕೈಯಿಂದ ಕೋವಿ ಮರಳಿ ಬಂದರೂ, ಅವರು ಎಷ್ಟೇ ನಂಬಿಕಸ್ಥರಾಗಿದ್ದರೂ, ತೋಟೆ ತುಂಬುವ ಮುನ್ನ ಎರಡೂ ನಳಿಗೆಗಳೊಳಗೆ ಬೆಳಕು ಹಾಯಿಸಿ ನೋಡಿ, ಒಣಬಟ್ಟೆಯಿಂದ ಒರಸಿಕೊಳ್ಳಿ. ಮಳೆಗಾಲದಲ್ಲಿ ಕೋವಿ ಮುಟ್ಟಿದಾಗಲೆಲ್ಲ ಹೊರಮೈಯನ್ನು ತೆಳುವಾದ ಬಂದೂಕಿನ ಎಣ್ಣೆ ಸೋಕಿಸಿದ ಬಟ್ಟೆಯಿಂದ ಒರಸಿದರೆ ಸಾಕು. ಬಟ್ಟೆಯ ಚೀಲದಲ್ಲಿ ಕಟ್ಟಿಟ್ಟರೆ ಅದು ತೇವವನ್ನು ಹೀರಿ ಉಕ್ಕಿಗೇ ಒತ್ತಿ ಹಿಡಿಯುತ್ತದೆ. ಎಣ್ಣೆ ಹೆಚ್ಚಾಯಿತೆಂದು ಕಂಡರೆ ಕೆಲವು ದಿನ ನಳಿಗೆ ಕೆಳಗಾಗಿ ನಿಲ್ಲಿಸಿಡಿ. ನಮ್ಮ ಹಿರಿಯರು ಹಚ್ಚುತ್ತಿದ್ದ ತೆಂಗಿನೆಣ್ಣೆ ಬೇಡ, ಘಟ್ಟದ ಬುಡದ ಊರುಗಳ ಡಿಸೆಂಬರಿನ ಚಳಿಗೆ ಅದು ಹೆಪ್ಪುಗಟ್ಟುತ್ತದೆ.

ಕಾನೂನಿನ ಮಾತೂ ಇದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನ ಪ್ರಕಾರ ಬಂದೂಕು ದುರಸ್ತಿಯ ವ್ಯವಹಾರ ನಡೆಸಲೂ ಪರವಾನಗಿ ಬೇಕು. ಪರವಾನಗಿದಾರರ ಎದುರಿನಲ್ಲೋ ಅವರ ಲಿಖಿತ ಅನುಮತಿಯೊಂದಿಗೋ ಬೇರೆಯವರು ಕೋವಿಯನ್ನು ದುರಸ್ತಿಗೆ ಒಯ್ಯಲು 3ನೇ ಕಲಮಿನಲ್ಲಿ ಅವಕಾಶವಿದೆಯಾದರೂ, ಲೇತ್ ಅಂಗಡಿಯಲ್ಲಿ ಬಿಟ್ಟುಬರಲು ಅದು ಆಧಾರವಾಗುವುದಿಲ್ಲ.

ಕೊನೆಗೆ ಕೋವಿಯನ್ನು ಮಂಗಳೂರಿನ ಪರವಾನಗಿ ಉಳ್ಳ ದುರಸ್ತಿಗಾರರಿಗೆ ತೋರಿಸಿದೆವು. ಎಣ್ಣೆ ಕುಡಿದು ಮೆತ್ತಗಾದ ಮರದ ಹಿಡಿಯನ್ನು ಬದಲಿಸಬೇಕೆಂದೂ ಎಮರಿಯ ಗೀರುಗಳು ಹೋಗುವಂಥವಲ್ಲವೆಂದೂ ಅವರು ಹೇಳಿದರು. ಅಂಗಡಿಯವನು ರಸೀದಿ ಕೊಟ್ಟಿರಲಿಲ್ಲ, ಹಣವನ್ನೂ ಮರಳಿಸಲಿಲ್ಲ. ಠಾಣೆಗೆ ದೂರು ಕೊಡೋಣವೆಂದರೆ, ಪರವಾನಗಿ ಇಲ್ಲದವನ ಕೈಗೆ ಕೋವಿ ಕೊಟ್ಟದ್ದೇಕೆಂಬ ಪ್ರಶ್ನೆ ಮೊದಲು ಬರುವುದು ಭಾವನವರಿಗೇ.