ಫ್ರಾನ್ಸಿನ ಹಳ್ಳಿ ಸುತ್ತಲು ದೊಡ್ಡ ಮೋಟರ್‌ಹೋಮೋ, ತಗ್ಗು ಸೂರಿನ ಕ್ಯಾಂಪರ್‌ವ್ಯಾನೋ?

ಮಧ್ಯ ಫ್ರಾನ್ಸಿನ ಲಿಮೂಸಾಂ ಮತ್ತು ಓವೆರ್ನ್ ಸೀಮೆಯ ಹಳ್ಳಿಗಳನ್ನೂ ಸರೋವರಗಳನ್ನೂ ನೋಡಲು ಹೊರಡುವವರಿಗೆ ನನ್ನ ಸಲಹೆಯನ್ನು ಮೊದಲೇ ಹೇಳಿಬಿಡುತ್ತೇನೆ: ರಾತ್ರಿ ಮಾತ್ರ ಸೂರನ್ನು ಮೇಲೆತ್ತಿ ಮಲಗುವಂಥ ತಗ್ಗು ಕ್ಯಾಂಪರ್‌ವ್ಯಾನನ್ನು ಆರಿಸಿಕೊಳ್ಳಿ. ಜರ್ಮನಿಯಲ್ಲಿ ನೆಲೆಸಿರುವ ನಾವಿಬ್ಬರು ಒಂದು ಬೇಸಿಗೆಯಲ್ಲಿ, ಚಾಲಕನ ತಲೆಯ ಮೇಲೆಯೂ ಹಾಸಿಗೆಯಿರುವ ಏಳು ಮೀಟರ್ ಉದ್ದದ ಮೋಟರ್‌ಹೋಮನ್ನು ಬಾಡಿಗೆಗೆ ಪಡೆದು ಆ ಕಡೆಯನ್ನೆಲ್ಲ ಸುತ್ತಿದೆವು. ಮುಂದಿನ ಬೇಸಿಗೆಯಲ್ಲಿ ಅದೇ ದಾರಿಯನ್ನು ಫೋಕ್ಸ್‌ವಾಗನ್ ಕ್ಯಾಲಿಫೋರ್ನಿಯಾ ಎಂಬ ತಗ್ಗು ಕ್ಯಾಂಪರ್‌ವ್ಯಾನಿನಲ್ಲಿ ಹಿಡಿದೆವು. ಮನೆಗೆ ಮರಳಿದ ಮೇಲೆ ಅದೇ ಮಾದರಿಯ ಹಳೆಯ ವಾಹನವೊಂದನ್ನು ಕೊಂಡುಕೊಂಡೆವು. ಒಲೆ, ಫ್ರಿಜ್, ಹಾಸಿಗೆಗಳು ಎರಡರಲ್ಲೂ ಇರುವುದರಿಂದ ಅವುಗಳ ವಿವರಕ್ಕೆ ನಾನು ಹೋಗುವುದಿಲ್ಲ.

ನಮ್ಮ ಆಯ್ಕೆಯನ್ನು ನಿರ್ಧರಿಸಿದ್ದು ಒಂದು ಕಬ್ಬಿಣದ ಅಡ್ಡಪಟ್ಟಿ. ಫ್ರಾನ್ಸಿನ ಅನೇಕ ಸರೋವರಗಳ ದಂಡೆಯಲ್ಲಿರುವ ಪಾರ್ಕಿಂಗಿನ ಪ್ರವೇಶದಲ್ಲಿ ಎರಡು ಕಂಬಗಳ ನಡುವೆ ಇದನ್ನು ಅಡ್ಡಲಾಗಿ ಕೂರಿಸಿ, 2 ಮೀಟರ್ ಅಥವಾ 1.90 ಮೀಟರ್ ಎಂದು ಬರೆದಿರುತ್ತಾರೆ. ವಾಹನಗಳು ರಾತ್ರಿಯೆಲ್ಲ ನೀರಂಚಿನಲ್ಲೇ ಬೀಡುಬಿಟ್ಟು ದಂಡೆಯನ್ನು ಹೊಲಸು ಮಾಡಬಾರದೆಂಬುದು ಸ್ಥಳೀಯ ಆಡಳಿತಗಳ ಉದ್ದೇಶ. ಆ ಉದ್ದೇಶದ ಬಗ್ಗೆ ನನಗೆ ತಕರಾರಿಲ್ಲ. ಮೋಟರ್‌ಹೋಮ್‌ಗಳು ರಾತ್ರಿ ತಂಗಲು ಊರಿನ ಅಂಚಿನಲ್ಲಿ ‘ಏರ್’ ಎಂಬ ತಂಗುದಾಣಗಳನ್ನು ಮಾಡಿರುತ್ತಾರೆ, ಅಲ್ಲಿ ನೀರು ತುಂಬಿಸಿಕೊಳ್ಳುವ, ಕೊಳಕು ನೀರನ್ನು ಹೊರಬಿಡುವ ವ್ಯವಸ್ಥೆಯೂ ಸಾಮಾನ್ಯವಾಗಿ ಇರುತ್ತದೆ. ಆದರೆ ಆ ಪಟ್ಟಿಗೆ ರಾತ್ರಿ ತಂಗುವವರು ಯಾರು, ಎರಡು ಗಂಟೆ ನಡೆದಾಡಿ ಹೋಗುವವರು ಯಾರು ಎಂಬ ಭೇದ ತಿಳಿಯದು.

ಬೆಳಕು ಹರಿಯುತ್ತಿದ್ದಂತೆ ದಂಡೆಯ ಸುತ್ತ ನಡೆಯುವುದು ನಮ್ಮ ರೂಢಿ. ದೊಡ್ಡ ವಾಹನದಲ್ಲಿ ಹೋದಾಗ ಮುಖ್ಯ ರಸ್ತೆಯಿಂದ ತಿರುಗಿ ಒಳದಾರಿ ಹಿಡಿದ ಮೇಲೆಯೇ ಪಟ್ಟಿ ಕಣ್ಣಿಗೆ ಬೀಳುತ್ತಿತ್ತು. ಅಷ್ಟರಲ್ಲಿ ಹಿಂದೆ ಇನ್ನೊಂದು ಕಾರು ಬಂದು ನಿಂತಿದ್ದರೆ ಒಬ್ಬರು ಇಳಿದು ಕೈಸನ್ನೆ ಮಾಡುತ್ತ ವಾಹನವನ್ನು ಹಿಮ್ಮುಖವಾಗಿ ಹೊರತರಬೇಕಾಗಿತ್ತು. ಆಮೇಲೆ ದೂರದಲ್ಲೆಲ್ಲೋ ನಿಲ್ಲಿಸಿ, ಕಾಲುದಾರಿಯೇ ಇಲ್ಲದ ರಸ್ತೆಯ ಅಂಚಿನಲ್ಲಿ ನಡೆದು ಬರಬೇಕು. ಗ್ರಾಮೀಣ ರಸ್ತೆಗಳ ಸಾಮಾನ್ಯ ವೇಗಮಿತಿಯನ್ನು 2018ರಲ್ಲಿ ಗಂಟೆಗೆ 90ರಿಂದ 80 ಕಿಲೋಮೀಟರಿಗೆ ಇಳಿಸಿದರು, ಕೆಲವು ಜಿಲ್ಲೆಗಳು ಆಮೇಲೆ ಮತ್ತೆ 90ಕ್ಕೆ ಏರಿಸಿಕೊಂಡವು. ಪಕ್ಕದಲ್ಲಿ ನಡೆಯುವವರಿಗೆ ಎರಡೂ ಭಯಂಕರ ವೇಗಗಳೇ. ಒಂದು ಸರೋವರದಲ್ಲಂತೂ ಈ ಕಾರಣಕ್ಕೇ ನಡಿಗೆಯನ್ನು ಕೈಬಿಟ್ಟು ಮುಂದಕ್ಕೆ ಹೊರಟೆವು.

ಕ್ಯಾಲಿಫೋರ್ನಿಯಾದ ಎತ್ತರ 1.99 ಮೀಟರ್. 2 ಮೀಟರಿನ ಪಟ್ಟಿಯ ಕೆಳಗೆ ಅದು ನುಸುಳುವುದನ್ನು ಮೊದಲ ಸಲ ಉಸಿರು ಬಿಗಿಹಿಡಿದು ನೋಡಿದೆವು, ಆಮೇಲೆ ಅಭ್ಯಾಸವಾಯಿತು. 1.90 ಇರುವಲ್ಲಿ ಇದೂ ಹೊರಗೇ ಉಳಿಯಬೇಕು, ಆದರೆ ರಸ್ತೆಬದಿಯ ಮಾಮೂಲು ಕಾರಿನ ಜಾಗದಲ್ಲಿ ಹಿಡಿಸುವುದರಿಂದ ನಡಿಗೆ ತಪ್ಪುವುದಿಲ್ಲ. ಸೂರಿನ ಮೇಲೆ ಪೆಟ್ಟಿಗೆಯನ್ನಾಗಲಿ ಸೈಕಲನ್ನಾಗಲಿ ಕಟ್ಟಿದರೆ ಈ ಅನುಕೂಲ ಅಲ್ಲಿಗೇ ಮುಗಿಯಿತು. ಬೆಸ್ ಊರಿನ ಮೇಲಿರುವ ಪಾವಾಂ ಎಂಬ ದುಂಡನೆಯ ಜ್ವಾಲಾಮುಖಿ ಸರೋವರ, ಮ್ಯುರೋಲ್ ಕೋಟೆಯ ಸಮೀಪದ ಶಾಂಬೋಂ, ನಡುಗಡ್ಡೆಯ ಮೇಲೆ ಶಿಲ್ಪಗಳ ತೋಪಿರುವ ವಾಸಿವಿಯೇರ್ ಜಲಾಶಯ, ಇವೆಲ್ಲವನ್ನೂ ಎರಡನೆಯ ಬೇಸಿಗೆಯಲ್ಲಿ ಆತುರವಿಲ್ಲದೆ ನಡೆದು ನೋಡಿದೆವು.

ಹಳ್ಳಿಗಳ ವಿಷಯದಲ್ಲಿ ವ್ಯತ್ಯಾಸ ನಾನು ಎಣಿಸಿದಷ್ಟಿಲ್ಲ. ‘ಫ್ರಾನ್ಸಿನ ಅತಿ ಸುಂದರ ಹಳ್ಳಿಗಳು’ ಎಂಬ ಸಂಘ 1982ರಲ್ಲಿ ಹುಟ್ಟಿದ್ದು ಕೆಂಪು ಮರಳುಗಲ್ಲಿನ ಮನೆಗಳ ಕೊಲೋಂಜ್-ಲಾ-ರೂಜ್‌ನಲ್ಲಿ, ಅಲ್ಲಿನ ಮೇಯರ್ ಶಾರ್ಲ್ ಸೇರಾಕ್ ಅವರ ಮುತುವರ್ಜಿಯಿಂದ. ಇಂಥ ಹೆಸರಾಂತ ಹಳ್ಳಿಗಳು ಸಾಮಾನ್ಯವಾಗಿ ವಾಹನಗಳನ್ನು ಊರಾಚೆಯೇ ತಡೆಯುವುದರಿಂದ ದೊಡ್ಡದಕ್ಕೂ ಚಿಕ್ಕದಕ್ಕೂ ಒಂದೇ ನ್ಯಾಯ. ದೊಡ್ಡ ವಾಹನ ಸೋಲುವುದು ಆ ಸಂಘಕ್ಕೆ ಸೇರದ ನೆರೆಯ ಊರುಗಳಲ್ಲಿ. ಅಲ್ಲಿ ಬೇಕರಿಯ ಮುಂದೆ ಐದು ನಿಮಿಷ ನಿಲ್ಲಿಸಿ ಬಿಸಿ ಬ್ರೆಡ್ ಕೊಳ್ಳುವ ಸುಖ ಚಿಕ್ಕ ವಾಹನದವರಿಗೆ ಮಾತ್ರ.

ಹೆದ್ದಾರಿಯ ಸುಂಕದಲ್ಲಿ 2 ಮೀಟರಿನೊಳಗಿನ ಎತ್ತರದ ವಾಹನ ಕಾರಿನ ದರ್ಜೆಗೆ ಸೇರುತ್ತದೆ. 3 ಮೀಟರ್ ಮುಟ್ಟಿದ್ದು ಮೂರನೆಯ ದರ್ಜೆ. ಡೀಸೆಲ್ ಖರ್ಚಿನಲ್ಲೂ ದೊಡ್ಡದು ದುಬಾರಿಯೇ.

ದೊಡ್ಡದರ ನಿಜವಾದ ಬಲ ಅದರ ಶೌಚಾಲಯ. ರೈತರೂ ದ್ರಾಕ್ಷಿತೋಟದವರೂ ತಮ್ಮ ಜಾಗದಲ್ಲಿ ಒಂದು ರಾತ್ರಿ ಉಚಿತವಾಗಿ ತಂಗಲು ಬಿಡುವ ‘ಫ್ರಾನ್ಸ್ ಪಾಸಿಯೋಂ’ ಎಂಬ ವ್ಯವಸ್ಥೆ 1993ರಿಂದ ನಡೆದುಬಂದಿದೆ. ಶೌಚಾಲಯವೂ ಕೊಳಕು ನೀರಿನ ತೊಟ್ಟಿಯೂ ಒಳಗೇ ಇರುವ ವಾಹನಗಳಿಗಷ್ಟೇ ಅಲ್ಲಿ ಪ್ರವೇಶ. ಸಂಜೆ ತೋಟದವರೊಡನೆ ಮಾತಾಡುತ್ತ ಕುಳಿತ ಆ ರಾತ್ರಿಗಳನ್ನು ಕಳೆದುಕೊಂಡದ್ದು ನನಗೆ ಈಗಲೂ ನೋವಿನ ಸಂಗತಿ. ಈಗ ನಾವು ಊರಿನ ಆಡಳಿತವೇ ನಡೆಸುವ ಮ್ಯುನಿಸಿಪಲ್ ಕ್ಯಾಂಪಿಂಗ್‌ಗಳಲ್ಲಿ ಹಣ ಕೊಟ್ಟು ತಂಗುತ್ತೇವೆ, ಇವುಗಳಲ್ಲಿ ಹಲವು ಬೇಸಿಗೆ ಕಳೆದರೆ ಮುಚ್ಚುತ್ತವೆ. ವ್ಯಾನಿನೊಳಗೆ ಇಂಗಿನ ಒಗ್ಗರಣೆ ಹಾಕಿದರೆ ವಾಸನೆ ಹೊದಿಕೆಗಳನ್ನು ದಿನಗಟ್ಟಲೆ ಬಿಡದ ಕಾರಣ ಹೊರಗೇ ಅಡುಗೆ ಮಾಡುತ್ತೇವೆ. ಮಳೆ ಹಿಡಿದರೆ ಅಂದು ಬ್ರೆಡ್ಡು, ಸೇಂ-ನೆಕ್ತೇರ್ ಚೀಸು, ಟೊಮೇಟೊ.

ಹಳೆಯದೆಂದರೂ ಕ್ಯಾಲಿಫೋರ್ನಿಯಾ ಅಗ್ಗಕ್ಕೆ ಸಿಗುವುದಿಲ್ಲ. ಆದರೆ ಉಳಿದ ದಿನಗಳಲ್ಲಿ ಅದರಲ್ಲೇ ಕಚೇರಿಗೂ ಅಂಗಡಿಗೂ ಹೋಗುವುದರಿಂದ ನಮಗೆ ಬೇರೆ ಕಾರು ಬೇಡವಾಯಿತು, ಚಳಿಗಾಲದಲ್ಲಿ ನಿಲ್ಲಿಸಿಡಲು ಜಾಗದ ಬಾಡಿಗೆಯೂ ಉಳಿಯಿತು. ಇಬ್ಬರೇ ಇದ್ದು, ನಡೆಯುವುದೇ ಮುಖ್ಯವೆನ್ನುವವರಿಗೆ ಈ ಲೆಕ್ಕ ಒಪ್ಪುತ್ತದೆ. ಮಕ್ಕಳೊಂದಿಗೆ ಹೋಗುವವರು, ಅಥವಾ ಅಕ್ಟೋಬರಿನ ಮಳೆಯಲ್ಲಿ ಹೊರಡುವವರು ದೊಡ್ಡದನ್ನೇ ಪಡೆಯಲಿ. ಆದರೆ ಬಾಡಿಗೆಗೆ ಸಹಿ ಹಾಕುವ ಮೊದಲು ಅದರ ಎತ್ತರ 3 ಮೀಟರಿಗಿಂತ ಕಡಿಮೆ ಇದೆಯೇ ಎಂದು ನೋಡಿಕೊಳ್ಳಲಿ.