ಹಂಪಿಯಲ್ಲಿ ‘ಖಾಸಗಿ’ ಪ್ರಪೋಸಲ್ ಫೋಟೊ ಪ್ಯಾಕೇಜ್: ಹಣ ಕಟ್ಟುವ ಮುನ್ನ ಓದಿ

ಹಂಪಿ, ಕೊಡಗು, ಚಿಕ್ಕಮಗಳೂರು ಎಂದು ಊರೂರಿನ ಹೆಸರಿನಲ್ಲಿ ಈಗ ‘ಸರ್‌ಪ್ರೈಸ್ ಪ್ರಪೋಸಲ್’ ಪ್ಯಾಕೇಜುಗಳು ಮಾರಾಟವಾಗುತ್ತಿವೆ. ಹುಡುಗ ಹಣ ಕಟ್ಟಿದರೆ ಸಾಕು. ಜಾಗ, ಹೂವು, ದೀಪ, ಬಂಡೆಯ ಮರೆಯಲ್ಲಿ ಅಡಗಿ ಕೂರುವ ಫೋಟೊಗ್ರಾಫರ್, ಎಲ್ಲವೂ ಅವರ ಜವಾಬ್ದಾರಿ. ಕಳೆದ ಡಿಸೆಂಬರಿನಲ್ಲಿ ಅಂಥದೊಂದು ಪ್ಯಾಕೇಜಿನ ಹುಡುಗಿ ನಾನಾಗಿದ್ದೆ. ಏನೂ ಗೊತ್ತಿಲ್ಲದೆ ಹೋದವಳು ನಾನು, ದುಡ್ಡು ಕೊಟ್ಟವನು ಅವನು, ಲಾಭ ಮಾಡಿಕೊಂಡದ್ದು ಮೂರನೆಯವರು. ಸಂಸ್ಥೆಯ ಹೆಸರು ಹಾಕುವುದಿಲ್ಲ. ದೂರು ಕೊಡುವ ಸಿದ್ಧತೆಯಲ್ಲಿದ್ದೇವೆ. ಹೆಸರಿಗಿಂತ ಅವರು ವ್ಯವಹಾರ ನಡೆಸುವ ಬಗೆ ತಿಳಿದಿರುವುದು ಮುಖ್ಯ, ಏಕೆಂದರೆ ಹೆಸರು ಬದಲಿಸಿಕೊಂಡು ಬರುವುದು ಇವರಿಗೆ ಕಷ್ಟವಲ್ಲ.

ಪ್ಯಾಕೇಜಿನ ದರ 48,000 ರೂಪಾಯಿ. ಅರ್ಧ ಮುಂಗಡ, ಉಳಿದರ್ಧ ಹಿಂದಿನ ದಿನ ಸಂಜೆಯೊಳಗೆ. ಅಂದರೆ ಒಂದೇ ಒಂದು ಚಿತ್ರ ನಿಮ್ಮ ಕಣ್ಣಿಗೆ ಬೀಳುವ ಮೊದಲೇ ಪೂರ್ತಿ ಹಣ ಅವರ ಖಾತೆ ಸೇರಿರುತ್ತದೆ. ಆಮೇಲೆ ನೀವು ಏನು ಹೇಳಿದರೂ ಅದಕ್ಕೆ ತೂಕವಿಲ್ಲ. ಇದಕ್ಕೆ ಅವರು ಕೊಡುವ ಕಾರಣ ‘ಸರ್‌ಪ್ರೈಸ್ ಹಾಳಾಗಬಾರದು’ ಎಂಬುದು. ಬೆಟ್ಟದ ಮೇಲೆ ಹುಡುಗಿಯ ಎದುರು ದುಡ್ಡು ಎಣಿಸುವುದು ಚೆನ್ನಾಗಿರುವುದಿಲ್ಲವಂತೆ!

ಅವರು ಕಳಿಸಿದ ಮಾದರಿ ಚಿತ್ರಗಳನ್ನು ನಾನು ನೋಡಿದ್ದು ಎಲ್ಲ ಮುಗಿದ ಮೇಲೆ. ಹಂಪಿಯದೆಂದು ಕೊಟ್ಟಿದ್ದ ಒಂದು ಚಿತ್ರದಲ್ಲಿ ಜೋಡಿಯ ಹಿಂದೆ ಕೆಂಪು ಬಂಡೆಗಳ ಸಾಲು, ಕೆರೆ, ಕೆರೆಯ ದಡದಲ್ಲಿ ಭೂತನಾಥ ದೇವಾಲಯ. ಶಾಲೆಯ ಪ್ರವಾಸದಲ್ಲಿ ಬಾದಾಮಿಗೆ ಹೋದ ಯಾರಿಗಾದರೂ ಅದು ಅಗಸ್ತ್ಯ ತೀರ್ಥವೆಂದು ಗೊತ್ತಾಗುತ್ತದೆ. ಬಾದಾಮಿಯದು ಕೆಂಪು ಮರಳುಗಲ್ಲು, ಹಂಪಿಯದು ಗ್ರಾನೈಟ್. ಅವನು ಕರಾವಳಿಯವನು, ಎರಡನ್ನೂ ನೋಡಿರಲಿಲ್ಲ; ಇಂಥವರನ್ನೇ ನಂಬಿಸುವುದು ಸುಲಭ. ಮಾದರಿ ಚಿತ್ರ ಕಳಿಸಿದರೆ ಅದು ಯಾವ ಜಾಗ, ಯಾರು ತೆಗೆದದ್ದು, ನಿಮ್ಮ ದಿನಕ್ಕೆ ಬರುವುದು ಅದೇ ವ್ಯಕ್ತಿಯೇ ಎಂದು ಬಿಡಿಸಿ ಕೇಳಿ. ನಮ್ಮ ಪಾಲಿಗೆ ಬಂದದ್ದು ಚಿತ್ರಗಳನ್ನು ತೆಗೆದವರಲ್ಲ, ಹೊಸಪೇಟೆಯಿಂದ ದಿನಗೂಲಿಗೆ ಕರೆಸಿದ ಇಬ್ಬರು ಹುಡುಗರು. ಅವರ ತಪ್ಪು ಇದರಲ್ಲಿ ಕಡಿಮೆ. ಬೆಂಗಳೂರಿನಿಂದ ಫೋನಿನಲ್ಲಿ ಯಾರೋ ಹೇಳಿದ್ದನ್ನು ಅವರು ಮಾಡುತ್ತಿದ್ದರು, ಅಷ್ಟೆ.

ಯೋಜನೆ ಹೀಗಿತ್ತು: ಮುಂಜಾನೆ ಮಾತಂಗ ಬೆಟ್ಟದ ಮೇಲೆ ಸೂರ್ಯೋದಯಕ್ಕೆ ಪ್ರಪೋಸಲ್, ಆಮೇಲೆ ಹೇಮಕೂಟದಲ್ಲಿ ‘ಕಪಲ್ ಶೂಟ್’. ಸ್ನೇಹಿತನೊಬ್ಬ ಫೋಟೊ ತೆಗೆಯುತ್ತಾನೆ, ಉದ್ದನೆಯ ಗೌನ್ ಹಾಕಿಕೋ ಎಂದು ನನಗೆ ಹೇಳಲಾಗಿತ್ತು. ಗೌನ್ ಎಂಬುದು ಸಂಸ್ಥೆಯ ಸೂಚನೆ. ಮಾತಂಗ ಹತ್ತಿದವರಿಗೆ ಗೊತ್ತು, ದಾರಿಯ ಬಹುಭಾಗ ಒರಟು ಮೆಟ್ಟಿಲು, ಮೇಲೆ ಹೋದಂತೆ ಜಾರುವ ಬಂಡೆ. ಕತ್ತಲಲ್ಲಿ ಮೊಬೈಲಿನ ಬೆಳಕು ಹಿಡಿದು, ಇನ್ನೊಂದು ಕೈಯಲ್ಲಿ ಅಂಚು ಎತ್ತಿಕೊಂಡು ಹತ್ತಿದೆ. ಒಂದು ಕಡೆ ಕಾಲು ಜಾರಿ ಅಂಗೈ ತರಚಿತು. ಉಂಗುರ ಹಾಕಿದ ಚಿತ್ರವನ್ನು ಹತ್ತಿರದಿಂದ ನೋಡಿದರೆ ಗಾಯ ಇಂದಿಗೂ ಕಾಣುತ್ತದೆ. ಹಂಪಿಯ ಸುತ್ತಿನ ಬಂಡೆಗಾಡಿನಲ್ಲಿ ಕರಡಿ, ಚಿರತೆ ಓಡಾಡುತ್ತವೆ. ದರೋಜಿಯ ಕರಡಿಧಾಮವೂ ದೂರದಲ್ಲಿಲ್ಲ. ಆ ಹೊತ್ತಿಗೆ ಸ್ಥಳೀಯ ಗೈಡ್ ಇಲ್ಲದೆ ಜನರನ್ನು ಹತ್ತಿಸುವವರಿಗೆ ನಿಮ್ಮ ಜೀವಕ್ಕಿಂತ ಬೆಳಕಿನ ಚಿಂತೆ ಹೆಚ್ಚು.

ಹಾಗೆಂದು ಬೆಳಕನ್ನಾದರೂ ಬಲ್ಲವರೇ? ಅದೂ ಇಲ್ಲ. ಸೂರ್ಯ ಜೋಡಿಯ ಹಿಂದೆ ಬರುವಂತೆ ನಿಲ್ಲಿಸಿ ತೆಗೆದರೆ ಮುಖ ಕಪ್ಪಾಗುತ್ತದೆ ಎಂಬುದು ಮೊಬೈಲ್ ಹಿಡಿದ ಮಕ್ಕಳಿಗೂ ಗೊತ್ತು. ಮಾತಂಗದ ಮೇಲಿನಿಂದ ವಿರೂಪಾಕ್ಷ ದೇವಾಲಯ ಪಶ್ಚಿಮಕ್ಕಿದೆ. ಬಿಸಿಲು ಮೂಡಿದ ಮೇಲೆ ಸುಮಾರು 50 ಮೀಟರ್ ಎತ್ತರದ ಆ ಗೋಪುರ ಬೆಳಗುತ್ತದೆ. ಫೋಟೊಗ್ರಾಫರ್ ಪೂರ್ವಕ್ಕೆ ಬೆನ್ನು ಹಾಕಿ ನಿಂತರೆ ಗೋಪುರವೂ ಸಿಗುತ್ತದೆ, ಮುಖವೂ ಸಿಗುತ್ತದೆ. ಆದರೆ ಸಂಸ್ಥೆಗೆ ಬೇಕಾಗಿದ್ದದ್ದು ಕೆಂಪು ಸೂರ್ಯನ ಮುಂದೆ ಮಂಡಿಯೂರಿದ ಒಂದು ನೆರಳು. ಅದರಲ್ಲಿ ಯಾರಿದ್ದರೂ ನಡೆಯುತ್ತದೆ.

‘ಸಂಪೂರ್ಣ ಖಾಸಗಿ ತಾಣ’ ಎಂದು ಅವರು ಬರೆದುಕೊಟ್ಟಿದ್ದರು. ಡಿಸೆಂಬರಿನ ರಜೆಯಲ್ಲಿ ಮಾತಂಗದ ಮೇಲೆ ಸೂರ್ಯೋದಯಕ್ಕೆ ಜಾತ್ರೆಯೇ ಇರುತ್ತದೆ. ಬೆಟ್ಟವನ್ನು ಯಾರೂ ಯಾರಿಗೂ ಬಾಡಿಗೆಗೆ ಕೊಡಲಾರರು. ಆ ಹುಡುಗರು ಮಾಡಿದ್ದೇನೆಂದರೆ, ನಮಗಿಂತ ಮುಂಚೆ ಬಂದು ಜಾಗ ಹಿಡಿದು ಕೂತಿದ್ದ ವಯಸ್ಸಾದ ದಂಪತಿಯನ್ನು ‘ಶೂಟಿಂಗ್ ಇದೆ, ಸ್ವಲ್ಪ ಆ ಕಡೆ ಹೋಗಿ’ ಎಂದು ಎಬ್ಬಿಸಿದ್ದು. ಆ ಅಜ್ಜಿ ಚೀಲ ಎತ್ತಿಕೊಂಡು ಎದ್ದದ್ದನ್ನು ನೋಡಿ ನನಗೆ ನಾಚಿಕೆಯಾಯಿತು. ಅದು ನನಗಾಗಿ ನಡೆಯುತ್ತಿದೆ ಎಂದು ಆಗ ಗೊತ್ತಿರಲಿಲ್ಲ.

ಆಮೇಲೆ ಅವನು ಮಂಡಿಯೂರಿದ. ತಲೆಯ ಮೇಲೆ ಡ್ರೋನ್ ಗುಂಯ್‌ಗುಡುತ್ತಿತ್ತು. ಅವನು ಹೇಳಿದ ಮೊದಲ ಮಾತು ನನಗೆ ಕೇಳಿಸಲೇ ಇಲ್ಲ. ‘ಏನಂದೆ?’ ಎಂದೆ. ಎರಡನೆಯ ಸಲ ಹೇಳಿದಾಗ ನಗು ಬಂತು, ‘ಮೊದಲು ಏಳು, ಕಲ್ಲು ಚುಚ್ಚುತ್ತದೆ’ ಎಂದೆ. ನಮ್ಮಿಬ್ಬರಿಗೂ ಅದೇ ಉತ್ತರ, ಅಷ್ಟೇ ಸಾಕಿತ್ತು. ಆದರೆ ಬಂಡೆಯ ಹಿಂದಿನಿಂದ ಹುಡುಗ ಓಡಿ ಬಂದ. ‘ಮೇಡಂ, ಫೋಕಸ್ ಸಿಗಲಿಲ್ಲ. ಸರ್ ಇನ್ನೊಂದು ಸಲ ಕೂರಲಿ. ನೀವು ಎರಡೂ ಕೈಯಿಂದ ಬಾಯಿ ಮುಚ್ಚಿಕೊಳ್ಳಿ, ಕಣ್ಣು ಒರೆಸಿಕೊಂಡರೆ ಇನ್ನೂ ಚೆನ್ನ.’ ನನ್ನವನು ಮುಜುಗರದಿಂದ ಮತ್ತೆ ಮಂಡಿಯೂರಿದ. ನಾನು ಬಾಯಿ ಮುಚ್ಚಿಕೊಂಡೆ. ಕೆಳಗೆ ಅಚ್ಯುತರಾಯ ದೇವಾಲಯ, ಸುತ್ತ ಚಪ್ಪಾಳೆ ತಟ್ಟುವ ಅಪರಿಚಿತರು, ಅವರ ಕೈಯಲ್ಲೆಲ್ಲ ಮೊಬೈಲ್. ಇಂದು ಆ ಪ್ರಪೋಸಲ್ಲಿನ ವಿಡಿಯೊ ಎಂದು ಓಡಾಡುತ್ತಿರುವುದು ಈ ನಾಟಕ. ನಿಜವಾಗಿ ನಡೆದದ್ದರ ಒಂದು ಚಿತ್ರವೂ ನಮ್ಮಲ್ಲಿಲ್ಲ.

ಹೇಮಕೂಟದ ಕಥೆ ಚುಟುಕಾಗಿ ಹೇಳುತ್ತೇನೆ. ಟ್ರೈಪಾಡ್, ಲೈಟ್ ಸ್ಟ್ಯಾಂಡ್, ಬಣ್ಣದ ಹೊಗೆಯ ಡಬ್ಬಿ, ಬಲ್ಬಿನ ದೊಡ್ಡ ಅಕ್ಷರಗಳು ಇಳಿದವು. ಐದು ನಿಮಿಷದಲ್ಲಿ ಕಾವಲುಗಾರರು ಬಂದರು. ‘ಫೋಟೊ ತೆಗೆದುಕೊಳ್ಳಿ ಮೇಡಂ, ಬೇಡ ಎನ್ನುವುದಿಲ್ಲ. ಸ್ಟ್ಯಾಂಡು, ಹೊಗೆ ಎಲ್ಲ ತೆಗೆಯಿರಿ. ಅನುಮತಿ ಪತ್ರ ಇದೆಯೇ?’ ಎಂದರು. ಇರಲಿಲ್ಲ. ‘ಇವರು ನಮ್ಮ ಅಕ್ಕ, ಮನೆಯವರ ಫೋಟೊ’ ಎಂದು ಹುಡುಗ ಸುಳ್ಳು ಹೇಳಿದ. ಎದುರಿಗೆ ಬಲ್ಬಿನ ಅಕ್ಷರಗಳಲ್ಲಿ ‘ಮ್ಯಾರಿ ಮೀ’ ಎಂದು ಉರಿಯುತ್ತಿರುವಾಗ!

ಕಾವಲುಗಾರರದು ಅತಿಯಾಯಿತು ಎನ್ನುವವರಿಗೆ ಒಂದು ಮಾತು. ಹಂಪಿ 1986ರಿಂದ ಯುನೆಸ್ಕೊ ವಿಶ್ವ ಪರಂಪರೆಯ ತಾಣ. 1999ರಿಂದ 2006ರವರೆಗೆ ಅಪಾಯದಲ್ಲಿರುವ ತಾಣಗಳ ಪಟ್ಟಿಯಲ್ಲೂ ಇತ್ತು. 2019ರಲ್ಲಿ ಇಲ್ಲಿನ ಕಂಬವೊಂದನ್ನು ದೂಡಿ ಬೀಳಿಸಿದ ಯುವಕರಿಗೆ ನ್ಯಾಯಾಲಯ ತಲಾ 70,000 ರೂಪಾಯಿ ದಂಡ ವಿಧಿಸಿ, ಕಂಬವನ್ನು ಅವರ ಕೈಯಿಂದಲೇ ನಿಲ್ಲಿಸಿತು. ಅದು ಕೂಡ ವಿಡಿಯೊ ಹರಿದಾಡಿದ್ದರಿಂದಲೇ ಬೆಳಕಿಗೆ ಬಂದ ಪ್ರಕರಣ. ಇಲ್ಲಿ ಕೆಲವು ಸ್ಮಾರಕಗಳು ಕೇಂದ್ರದ ಪುರಾತತ್ವ ಸರ್ವೇಕ್ಷಣ ಇಲಾಖೆಯವು, ಕೆಲವು ರಾಜ್ಯ ಇಲಾಖೆಯವು, ಒಟ್ಟು ಪ್ರದೇಶಕ್ಕೆ ಬೇರೆಯೇ ಪ್ರಾಧಿಕಾರವಿದೆ. ಕೈಯಲ್ಲಿ ಹಿಡಿದ ಕ್ಯಾಮೆರಾಗೆ ತಕರಾರಿಲ್ಲ. ಸ್ಟ್ಯಾಂಡ್ ಇಟ್ಟು ವೃತ್ತಿಪರ ಚಿತ್ರೀಕರಣ ಮಾಡುವುದಾದರೆ, ಡ್ರೋನ್ ಹಾರಿಸುವುದಾದರೆ ಮೊದಲೇ ಅನುಮತಿ ಬೇಕು. ‘ಎಲ್ಲ ನಾವು ನೋಡಿಕೊಳ್ಳುತ್ತೇವೆ’ ಎನ್ನುವವರಿಂದ ಅನುಮತಿ ಪತ್ರದ ಪ್ರತಿ ಕೇಳಿ. ಮುಂಗಡ ಕೊಡುವ ಮುನ್ನ ಕೇಳಿ. ಕೊಡದಿದ್ದರೆ ಅಲ್ಲಿಗೇ ಬಿಡಿ, ಏಕೆಂದರೆ ಸಿಕ್ಕಿಬಿದ್ದಾಗ ಚೌಕಟ್ಟಿನೊಳಗೆ ನಿಂತಿರುವವರು ನೀವು.

ಇಷ್ಟರವರೆಗಿನದು ದುಡ್ಡು ಹೋಯಿತು, ಮುಜುಗರವಾಯಿತು ಎಂಬ ಲೆಕ್ಕ. ನಾನು ಇದನ್ನು ಬರೆಯಲು ಕೂತದ್ದು ಇದರ ಮುಂದಿನ ಭಾಗಕ್ಕಾಗಿ.

ಮರುದಿನ ರಾತ್ರಿ ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಬೆಂಗಳೂರಿಗೆ ಹೊರಟಿದ್ದೆವು. ರೈಲು ಹೊಸಪೇಟೆ ಬಿಟ್ಟು ಸ್ವಲ್ಪ ಹೊತ್ತಿಗೆ ದಾವಣಗೆರೆಯಿಂದ ಅಮ್ಮನ ಫೋನ್. ‘ನಿನ್ನ ಚಿಕ್ಕಮ್ಮ ಏನೋ ಕಳಿಸಿದ್ದಾಳೆ. ಅದು ನೀನೇ ಏನು?’ ಎಂದರು. ನಾನು ಉತ್ತರಿಸುವ ಮೊದಲೇ, ‘ಅಪ್ಪ ನೋಡಿಬಿಟ್ಟರು’ ಎಂದರು. ಸಂಸ್ಥೆ ಅಂದೇ ರೀಲ್ ಹಾಕಿತ್ತು. ಅವನ ಖಾತೆಯನ್ನು ಟ್ಯಾಗ್ ಮಾಡಿ, ಊರಿನ ಹೆಸರು ಸೇರಿಸಿ, ನನ್ನ ಮುಖವನ್ನು ಹತ್ತಿರಕ್ಕೆ ಎಳೆದು. ಅವನ ತಂಗಿಯ ಗೆಳತಿಯಿಂದ ನನ್ನ ಚಿಕ್ಕಮ್ಮನ ಮಗಳಿಗೆ, ಅವಳಿಂದ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಬರಲು ಎಷ್ಟು ಹೊತ್ತು ಬೇಕು?

ನಮ್ಮಿಬ್ಬರ ವಿಷಯ ಮನೆಯಲ್ಲಿ ಅರ್ಧ ಗೊತ್ತಿತ್ತು. ಸಂಕ್ರಾಂತಿ ಕಳೆದ ಮೇಲೆ ಅವನ ಅಪ್ಪ ಅಮ್ಮ ನಮ್ಮ ಮನೆಗೆ ಬಂದು ಹೆಣ್ಣು ಕೇಳುವುದು, ಅದಕ್ಕೂ ಮೊದಲು ನಾನು ಊರಿಗೆ ಹೋಗಿ ಅಪ್ಪನ ಎದುರು ಕೂತು ಹೇಳುವುದು ಎಂದು ಮಾತಾಗಿತ್ತು. ದೊಡ್ಡಪ್ಪನಿಗೂ ಸೋದರಮಾವನಿಗೂ ಅಪ್ಪನೇ ಹೇಳಬೇಕಿತ್ತು. ಅದಾಗುವ ಬದಲು ಅವರೇ ಅಪ್ಪನಿಗೆ ಫೋನ್ ಮಾಡಿ ‘ನಮಗೊಂದು ಮಾತು ಹೇಳಲಿಲ್ಲವಲ್ಲ’ ಎಂದರು. ಅಪ್ಪನಿಗೆ ಹುಡುಗನ ಬಗ್ಗೆ ಆಕ್ಷೇಪವಿರಲಿಲ್ಲ. ಮಗಳ ಮದುವೆಯ ಸುದ್ದಿ ಅವರಿಗೆ ಪರರ ಜಾಹೀರಾತಿನಿಂದ ತಿಳಿಯಿತು, ಅದು ಅವರಿಗೆ ನುಂಗಲಾಗಲಿಲ್ಲ. ಮುಂದಿನ ಕೆಲವು ವಾರ ಫೋನ್ ಮಾಡಿದರೆ ‘ಅಮ್ಮನಿಗೆ ಕೊಡುತ್ತೇನೆ’ ಎಂದಷ್ಟೇ ಹೇಳುತ್ತಿದ್ದರು.

ಸಂಸ್ಥೆಗೆ ಫೋನ್ ಮಾಡಿದೆ. ಮಾತು ಬಹಳ ನಯ. ‘ಕಂಗ್ರಾಟ್ಸ್ ಮೇಡಂ, ರೀಲ್ ತುಂಬಾ ಚೆನ್ನಾಗಿ ಓಡುತ್ತಿದೆ, ಈಗ ತೆಗೆದರೆ ನಮಗೆ ನಷ್ಟ’ ಎಂದರು. ತೆಗೆಯಲೇಬೇಕು ಎಂದಾಗ ಬಂತು ನೋಡಿ: ‘ಚಿತ್ರಗಳನ್ನು ಪ್ರಚಾರಕ್ಕೆ ಬಳಸದಿರಲು 15,000 ರೂಪಾಯಿ ಪ್ರತ್ಯೇಕ ಶುಲ್ಕ. ಸರ್ ಆ ಆಯ್ಕೆ ತೆಗೆದುಕೊಂಡಿಲ್ಲ.’ ಬುಕಿಂಗ್ ಫಾರಂನ ಕೊನೆಯಲ್ಲಿ ಮೊದಲೇ ಗುರುತು ಹಾಕಿಟ್ಟಿದ್ದ ಒಂದು ಚೌಕ, ಅದರ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಈ ಷರತ್ತು. ಮೇಲೆ ದೊಡ್ಡದಾಗಿ ‘ಸಂಪೂರ್ಣ ಖಾಸಗಿ’. ನಾನಂತೂ ಯಾವ ಫಾರಂ ಕಂಡವಳೂ ಅಲ್ಲ, ಯಾವುದಕ್ಕೂ ಒಪ್ಪಿದವಳೂ ಅಲ್ಲ. ಸರ್‌ಪ್ರೈಸ್ ಪ್ಯಾಕೇಜಿನಲ್ಲಿ ಇಬ್ಬರ ಮುಖ ಮಾರಲು ಒಬ್ಬರ ಸಹಿ ಸಾಕೆಂದು ಇವರು ಎಣಿಸಿದ್ದಾರೆ. ವ್ಯವಹಾರದ ಗುಟ್ಟೇ ಇದು. 48,000 ರೂಪಾಯಿಗೆ ನೀವು ಕೊಳ್ಳುವುದು ಫೋಟೊ ಅಲ್ಲ. ಅವರ ಮುಂದಿನ ಗಿರಾಕಿಗೆ ತೋರಿಸುವ ಜಾಹೀರಾತಿನಲ್ಲಿ ದುಡ್ಡು ಕೊಟ್ಟು ನಟಿಸುತ್ತೀರಿ. ಡ್ರೋನ್, ಗೌನ್, ಕೆಂಪು ಸೂರ್ಯ, ಎರಡನೆಯ ಸಲದ ಮಂಡಿ, ಎಲ್ಲವೂ ಆ ಜಾಹೀರಾತಿನ ಅಗತ್ಯ.

ವಕೀಲೆಯಾಗಿರುವ ಗೆಳತಿ ಹೇಳಿದ ಒಂದು ಅಂಶ ಎಲ್ಲರಿಗೂ ಗೊತ್ತಿರಲಿ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಹಣ ಕೊಟ್ಟು ನೀವು ತೆಗೆಸಿದ ಫೋಟೊದ ಮೊದಲ ಹಕ್ಕುದಾರರು, ಬೇರೆ ಒಪ್ಪಂದವಿಲ್ಲದಿದ್ದರೆ, ನೀವೇ; ಕ್ಯಾಮೆರಾ ಹಿಡಿದವರಲ್ಲ. ‘ಬೇರೆ ಒಪ್ಪಂದ’ ಎಂಬ ಆ ಸಂದಿಯಲ್ಲೇ ಇವರ ಚೌಕಗಳು ನುಸುಳುತ್ತವೆ. ಗ್ರಾಹಕರು ನಂಬಿ ಕೊಟ್ಟ ವೈಯಕ್ತಿಕ ಮಾಹಿತಿಯನ್ನು ಬಹಿರಂಗಪಡಿಸುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿಗಳ ಸಾಲಿನಲ್ಲಿ ಸೇರಿಸಿದೆ. ನಾವು ವಕೀಲರ ನೋಟಿಸ್ ಕಳಿಸಿ, ಇನ್‌ಸ್ಟಾಗ್ರಾಂಗೂ ದೂರು ಕೊಟ್ಟೆವು. ರೀಲ್ ಹೋಯಿತು. ಆದರೆ ಅಷ್ಟರಲ್ಲಿ ಮದುವೆ ಐಡಿಯಾಗಳ ಬೇರೆ ಪುಟಗಳು ಅದನ್ನು ಎತ್ತಿಕೊಂಡಿದ್ದವು. ಅವುಗಳ ಹಿಂದೆ ಒಂದೊಂದಾಗಿ ಅಲೆಯುತ್ತಿದ್ದೇವೆ. ಸಂಸ್ಥೆಯಿಂದ ಮೂಲ ಫೈಲುಗಳು ಈವರೆಗೂ ಬಂದಿಲ್ಲ.

ನಿಮಗೆ ಇಂಥ ಯೋಚನೆ ಇದ್ದರೆ, ಜಾಗ ಬಲ್ಲ ಸ್ಥಳೀಯ ಫೋಟೊಗ್ರಾಫರ್ ಒಬ್ಬರನ್ನು ನೇರವಾಗಿ ಮಾತನಾಡಿಸಿ. ‘ಇಬ್ಬರ ಲಿಖಿತ ಒಪ್ಪಿಗೆ ಇಲ್ಲದೆ ಒಂದು ಚಿತ್ರವನ್ನೂ ಎಲ್ಲೂ ಹಾಕುವುದಿಲ್ಲ’ ಎಂಬ ಸಾಲನ್ನು ಅವರಿಂದ ಬರೆಸಿಕೊಳ್ಳಿ. ಕೆಳಗೆ ಚೌಕ ಬೇಡ, ಸಹಿ ಇರಲಿ. ನಿಮ್ಮ ಇನ್‌ಸ್ಟಾಗ್ರಾಂ ಖಾತೆಯ ಹೆಸರು ಫಾರಂನಲ್ಲಿ ಕೇಳಿದರೆ ಖಾಲಿ ಬಿಡಿ; ಫೋಟೊ ತೆಗೆಯಲು ಅದು ಯಾರಿಗೂ ಬೇಕಿಲ್ಲ. ಕನಿಷ್ಠ ಮೂರನೆಯ ಒಂದು ಭಾಗದಷ್ಟು ಹಣ ಫೈಲುಗಳು ಕೈಗೆ ಬಂದ ಮೇಲೆ ಕೊಡಿ. ಇದ್ಯಾವುದೂ ಬೇಡವೆಂದರೆ, ನಂಬಿಕೆಯ ಗೆಳೆಯನೊಬ್ಬ ದೂರದಿಂದ ಒಳ್ಳೆಯ ಮೊಬೈಲಿನಲ್ಲಿ ತೆಗೆದರೂ ನಮಗೆ ಸಿಕ್ಕಿದ್ದಕ್ಕಿಂತ ಚೆನ್ನಾಗಿಯೇ ಬರುತ್ತದೆ.

ಈಗಾಗಲೇ ಸಿಕ್ಕಿಬಿದ್ದವರು ಸಂಸ್ಥೆಯೊಂದಿಗಿನ ಚಾಟ್, ಪಾವತಿಯ ರಸೀದಿ, ಜಾಹೀರಾತಿನ ಸ್ಕ್ರೀನ್‌ಶಾಟ್ ಅಳಿಸಬೇಡಿ. ರೀಲ್ ತೆಗೆಸುವ ಮೊದಲೇ ಅದರ ಕೊಂಡಿ, ದಿನಾಂಕ, ಎಷ್ಟು ಜನ ನೋಡಿದ್ದಾರೆ ಎಂಬುದು ಕಾಣುವಂತೆ ಚಿತ್ರ ಹಿಡಿದಿಡಿ. ತೆಗೆದ ಮೇಲೆ ಸಾಕ್ಷಿ ಇರುವುದಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕೊಟ್ಟ ಮೊತ್ತ 5 ಲಕ್ಷ ರೂಪಾಯಿಯೊಳಗಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಲು ಶುಲ್ಕವಿಲ್ಲ. ಸಂಸ್ಥೆ ಎಲ್ಲೇ ಇರಲಿ, ನೀವು ವಾಸವಿರುವ ಜಿಲ್ಲೆಯಲ್ಲೇ ಕೊಡಬಹುದು, ವಕೀಲರಿಲ್ಲದೆ ನೀವೇ ವಾದಿಸಬಹುದು. ನಮ್ಮದು ಮುಂದಿನ ವಾರ ಸಲ್ಲಿಕೆಯಾಗುತ್ತದೆ.