ಡೈಮ್ಲರ್ ಡಿಂಗೊ, 1:43 ಡೈಕಾಸ್ಟ್: ಏಳು ಮಳೆಗಾಲ ಕಳೆದ ಮೇಲೆ

ಡಬ್ಬ ಬಿಚ್ಚಿದ ದಿನದ ಖುಷಿಯಲ್ಲಿ ಬರೆದ ವಿಮರ್ಶೆ ಅಲ್ಲ ಇದು. ಡಿಂಗೊ ಎಂಬ ಯುದ್ಧದ ಗಾಡಿಯ ಪುಟ್ಟ ಮಾದರಿ ಇದು, ನಿಜ ಗಾಡಿಯ 43ರಲ್ಲಿ ಒಂದು ಪಾಲು, ಲೋಹದ ಎರಕ ಹೊಯ್ದು ಮಾಡಿದ್ದು. 2018ರಲ್ಲಿ ತರಿಸಿದ್ದು, ಕೊರಿಯರ್ ಖರ್ಚು ಸೇರಿ 3,600 ರೂಪಾಯಿ. ಮಾದರಿ ಮಾಡಿದ ಕಂಪನಿಯ ಹೆಸರು ಹೇಳುವುದಿಲ್ಲ, ಯಾಕಂದ್ರೆ ಬೈಯೋದೂ ಸ್ವಲ್ಪ ಇದೆ. ಅವತ್ತಿನಿಂದ ಮಂಗಳೂರಿನ ನಮ್ಮ ಮನೆಯ ಶೋಕೇಸಿನಲ್ಲೇ ಇದೆ. ಮಳೆಗಾಲದಲ್ಲಿ ಇಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ, ಹಾಗಾಗಿ ಪರೀಕ್ಷೆ ಚೆನ್ನಾಗಿಯೇ ಆಗಿದೆ ಅನ್ನಬಹುದು.

ಡಿಂಗೊ ಎರಡನೇ ಮಹಾಯುದ್ಧದ ಬ್ರಿಟಿಷ್ ಸ್ಕೌಟ್ ಕಾರು. ವಿನ್ಯಾಸ ಬಿಎಸ್‌ಎ ಕಂಪನಿಯದ್ದು, ಕಟ್ಟಿದ್ದು ಡೈಮ್ಲರ್ ಕಂಪನಿ. 6,626 ಗಾಡಿಗಳು ಹೊರಬಂದವು. ಒಳಗೆ ಇಬ್ಬರು, ಕೈಯಲ್ಲಿ ಒಂದು ಬ್ರೆನ್ ಗನ್ (ಹಗುರ ಮೆಷಿನ್ ಗನ್), ತೂಕ ಹೆಚ್ಚುಕಮ್ಮಿ ಮೂರು ಟನ್. ಹೊಡೆದಾಡುವುದು ಇದರ ಕೆಲಸವೇ ಅಲ್ಲ. ಮುಂದೆ ಹೋಗಿ ಇಣುಕಬೇಕು, ಕಂಡದ್ದನ್ನು ರೇಡಿಯೊದಲ್ಲಿ ಹೇಳಬೇಕು, ಆಮೇಲೆ ಓಟ ಕೀಳಬೇಕು. ಅದಕ್ಕೇ ಮುಂದಕ್ಕೆ ಐದು ಗೇರು, ಹಿಂದಕ್ಕೂ ಐದು! ಗಾಡಿ ತಿರುಗಿಸುತ್ತಾ ಕೂತರೆ ಕಥೆ ಮುಗಿದಂತೆ ಅಲ್ವಾ? ನಾನು ಈ ಗಾಡಿಗೆ ಬಿದ್ದದ್ದೇ ಆ ರಿವರ್ಸ್ ಗೇರುಗಳ ವಿಷಯ ತಿಳಿದ ಮೇಲೆ.

ಮಾದರಿಯ ಉದ್ದ 74 ಮಿಲಿಮೀಟರ್, ಅಂದರೆ ಒಂದೂವರೆ ಬೆಂಕಿಪೊಟ್ಟಣದಷ್ಟು. ನಿಜವಾದ ಗಾಡಿ 3.18 ಮೀಟರ್, ಭಾಗಿಸಿ ನೋಡಿದೆ, ಸರಿಯಾಗಿದೆ. ಅಂಗೈಯಲ್ಲಿ ಇಟ್ಟರೆ ಒಳ್ಳೆ ಭಾರ. ಮೂತಿಯ ಇಳಿಜಾರು, ಹಿಂದಿನ ಇಂಜಿನ್ ಮುಚ್ಚಳದ ಸೀಳುಗಳು ಎಲ್ಲ ಚೊಕ್ಕವಾಗಿವೆ. ಮರಳು ಬಣ್ಣ ಏಳು ವರ್ಷದಲ್ಲಿ ಒಂದು ಚೂರೂ ಎದ್ದಿಲ್ಲ. ಝಿಂಕ್ ಮಿಶ್ರಲೋಹದಲ್ಲಿ ಸೀಸ ಬೆರೆತಿದ್ದರೆ ಕೆಲವು ವರ್ಷಕ್ಕೆ ಮೈ ಒಡೆದು ಬಿರುಕು ಬಿಡುತ್ತದೆ, ಸಂಗ್ರಹ ಮಾಡುವವರಿಗೆಲ್ಲ ಅದೇ ಹೆದರಿಕೆ. ಇದರಲ್ಲಿ ಬಿರುಕು ಇಲ್ಲ. ಶೂ ಡಬ್ಬದಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಎರಡು ಪಕ್ಕದಲ್ಲಿ ಇಟ್ಟಿದ್ದೇನೆ, ಅಷ್ಟೇ ಆರೈಕೆ.

ಈಗ ಬೈಗುಳ. ಡಿಂಗೊದ ತಳ ತಟ್ಟೆಯಂತೆ ಚಪ್ಪಟೆ. ನಾಲ್ಕು ಚಕ್ರಕ್ಕೂ ಬೇರೆ ಬೇರೆ ಶಾಫ್ಟು ಹೋಗುವುದರಿಂದ ಎರಡು ಚಕ್ರ ಜೋಡಿಸುವ ಅಡ್ಡ ಆಕ್ಸಲ್ ಇಲ್ಲ, ಗಾಡಿ ಅಷ್ಟು ತಗ್ಗಾಗಿರುವುದೂ ಅದಕ್ಕೇ. ನನ್ನ ಮಾದರಿಯನ್ನು ಮಗುಚಿದರೆ ಏನಿದೆ? ಅಡ್ಡಡ್ಡ ಎರಡು ಕಬ್ಬಿಣದ ಕಡ್ಡಿ, ನಡುವೆ ಒಂದು ಸ್ಕ್ರೂ. ಐವತ್ತು ರೂಪಾಯಿಯ ಆಟಿಕೆಗೆ ಹೀಗೆ ಮಾಡಿದರೆ ಸರಿ. ಬ್ರಿಟಿಷ್ ಸೇನೆಯ 7ನೇ ಆರ್ಮರ್ಡ್ ಡಿವಿಷನ್ನಿನ ಗುರುತಾದ ಮರುಭೂಮಿಯ ಇಲಿ, ಜೆರ್ಬೋವಾ, ಇಲ್ಲಿ ಅಳಿಲಿನ ಹಾಗೆ ಬಾಲ ಎತ್ತಿ ಕೂತಿದೆ. ಎಲ್ಲಕ್ಕಿಂತ ಬೇಜಾರು ಟೈರಿನದ್ದು. ಮೂರನೇ ವರ್ಷ ಒರೆಸಲು ಎತ್ತಿದೆ, ಏಳಲಿಲ್ಲ. ಟೈರಿನ ಮೆದು ಪ್ಲಾಸ್ಟಿಕ್ಕಿನಿಂದ ಎಣ್ಣೆಯಂಥದ್ದು ಜಿನುಗಿ ಕೆಳಗಿನ ಕಪ್ಪು ಪೀಠವನ್ನು ಕರಗಿಸಿತ್ತು. ಮೆಲ್ಲಗೆ ಅಲುಗಾಡಿಸಿ ಬಿಡಿಸಿದೆ. ಪೀಠದ ಮೇಲೆ ನಾಲ್ಕು ಗುಳಿ ಉಳಿದವು. ಯಾರಾದರೂ ತಗೊಳ್ಳುವುದಾದರೆ ಮೊದಲ ದಿನವೇ ಟೈರಿನ ಕೆಳಗೆ ಅಲ್ಯೂಮಿನಿಯಂ ಫಾಯಿಲ್ ಚೂರು ಇಟ್ಟುಬಿಡಿ.

ಇಷ್ಟಕ್ಕೇ ನಿಂತಿದ್ದರೆ ಐದರಲ್ಲಿ ಎರಡು ನಕ್ಷತ್ರ ಕೊಟ್ಟು ಸುಮ್ನೆ ಇರುತ್ತಿದ್ದೆ. ಹೋದ ದಸರಾ ರಜೆಗೆ ಅಕ್ಕನ ಮಗ ಬಂದಿದ್ದ. "ಮಾಮ, ಇದು ಓಡ್ತದಾ?" ಅಂದ. "ಓಡಲ್ಲ ಮಾರಾಯ, ಅಲ್ಲೇ ಇಡು" ಅನ್ನುವಷ್ಟರಲ್ಲಿ ನೆಲದ ಮೇಲಿತ್ತು. ಬ್ರೆನ್ ಗನ್ ಎರಡು ತುಂಡು. ಮೇಲಿನ ಚಾವಣಿಯೂ ಕಳಚಿ ಸೋಫಾ ಕೆಳಗೆ ಹೋಯಿತು. ನಿಜ ಗಾಡಿಯಲ್ಲಿ ಅದು ಮಡಚುವ ಚಾವಣಿ. ಆಮೇಲೆ ಬಂದ ಮಾರ್ಕ್ 3 ಆವೃತ್ತಿಯಲ್ಲಿ ಅದನ್ನು ತೆಗೆದೇ ಬಿಟ್ಟರು. ಮಾದರಿಯಲ್ಲಿ ಮಾತ್ರ ಗಮ್ಮು ಹಾಕಿ ಕೂರಿಸಿದ್ದರು.

ಅಂಟಿಸೋಣ ಅಂತ ಟಾರ್ಚ್ ಹಿಡಿದು ಒಳಗೆ ನೋಡಿದೆ. ಪುಟ್ಟ ಸ್ಟಿಯರಿಂಗ್ ಇದೆ. ರೇಡಿಯೊ ಇದೆ, ಉಗುರಿನ ಕಾಲುಭಾಗದಷ್ಟು. ಡ್ರೈವರ್ ಸೀಟು ನೆಟ್ಟಗಿಲ್ಲ, ಒಂದು ಬದಿಗೆ ಓರೆಯಾಗಿ ಕೂತಿದೆ. ಬಿದ್ದ ಏಟಿಗೆ ತಿರುಗಿತೇನೋ ಅಂದುಕೊಂಡು ಹಲ್ಲುಕಡ್ಡಿಯಲ್ಲಿ ದೂಡಿ ನೋಡಿದೆ. ಅಲುಗಲಿಲ್ಲ, ನೆಲದ ಜೊತೆಗೇ ಎರಕ ಹೊಯ್ದದ್ದು. ಆಮೇಲೆ ಹೊಳೆಯಿತು. ನಿಜವಾದ ಡಿಂಗೊದಲ್ಲೂ ಸೀಟು ಓರೆಯೇ. ರಿವರ್ಸಿನಲ್ಲಿ ಓಡಿಸುವಾಗ ಹೆಗಲ ಮೇಲಿಂದ ಹಿಂದೆ ನೋಡಲಿ ಅಂತ! ಗಮ್ಮು ಹಾಕಿ ಮುಚ್ಚುವ ಚಾವಣಿಯ ಕೆಳಗೆ, ಯಾರೂ ನೋಡದ ಜಾಗದಲ್ಲಿ ಇದನ್ನು ಮಾಡಿಟ್ಟಿದ್ದಾರೆ. ತಳಕ್ಕೆ ಸ್ಕ್ರೂ ಹೊಡೆದವರೂ ಇವರೇನಾ ಅನಿಸಿತು.

ನಾಲ್ಕು ನಕ್ಷತ್ರ. ಚಾವಣಿ ಮತ್ತೆ ಅಂಟಿಸಿಲ್ಲ. ಗನ್ನಿನ ತುಂಡುಗಳು ಬೆಂಕಿಪೊಟ್ಟಣದಲ್ಲಿವೆ. ಡಿಂಗೊವನ್ನೇ ದೊಡ್ಡದು ಮಾಡಿದಂತಿರುವ ಡೈಮ್ಲರ್ ಆರ್ಮರ್ಡ್ ಕಾರಿನ ಮಾದರಿ ಈಗ ಹುಡುಕುತ್ತಿದ್ದೇನೆ. 1947ರ ನವೆಂಬರ್‌ನಲ್ಲಿ ಶ್ರೀನಗರದ ಹತ್ತಿರ ಶಾಲ್ಟೆಂಗ್‌ನಲ್ಲಿ ನಡೆದ ಕದನದಲ್ಲಿ ನಮ್ಮ ಸೇನೆಯ 7ನೇ ಲೈಟ್ ಕ್ಯಾವಲ್ರಿ ದಳ ಬಳಸಿದ್ದು ಅದನ್ನೇ. ಅದರ ಟರೆಟ್ (ಮೇಲಿನ ತಿರುಗುವ ಗನ್ ಗೋಪುರ) ಬಿಚ್ಚಲು ಬರುತ್ತದಾ ಅಂತ ಗೊತ್ತಿದ್ದವರು ಹೇಳಿ.